ಹದಿನೈದು ಜನ, ಒಂದು ಗಂಟೆ: ಸ್ವಸಹಾಯ ಸಂಘದ ವಾರದ ಸಭೆ ನಡೆಸುವ ಕ್ರಮ

ಸ್ವಸಹಾಯ ಸಂಘವೊಂದು ಒಡೆದರೆ ಊರಿನವರು ಹೇಳುವ ಕಾರಣ ಒಂದೇ: ದುಡ್ಡು. ಆ ಸಂಘದ ನಡಾವಳಿ ಪುಸ್ತಕ ಬಿಚ್ಚಿ ಕೊನೆಯ ಆರು ತಿಂಗಳ ಪುಟಗಳನ್ನು ತಿರುವಿದರೆ ಬೇರೆಯದು ಕಾಣುತ್ತದೆ. ನಾಲ್ಕು ವಾರದ ಠರಾವುಗಳು ಒಂದೇ ಶಾಯಿಯಲ್ಲಿ, ಒಂದಕ್ಷರವೂ ಬದಲಾಗದೆ ಬರೆದಿರುತ್ತವೆ. ಅಂದರೆ ಸಭೆ ಸೇರಿಲ್ಲ, ಯಾರೋ ಒಬ್ಬರು ಮನೆಯಲ್ಲಿ ಕೂತು ಒಂದೇ ಸಲಕ್ಕೆ ಬರೆದು, ಆಮೇಲೆ ಬಾಗಿಲು ಬಾಗಿಲಿಗೆ ಹೋಗಿ ಸಹಿ ಹಾಕಿಸಿದ್ದಾರೆ. ಲೆಕ್ಕ ತಪ್ಪುವುದು ಅದಾದ ಮೇಲೆ. ಮೊದಲು ನಿಂತದ್ದು ಎದುರೆದುರು ಕೂತು ಆಡುವ ಮಾತು.

ಹಾಗಾಗಿ ಈ ಮಾರ್ಗದರ್ಶಿ ಲೆಕ್ಕಪುಸ್ತಕದ್ದಷ್ಟೇ ಅಲ್ಲ. ಹನ್ನೆರಡು ಹದಿನೈದು ಜನ ವಾರಕ್ಕೊಮ್ಮೆ ಒಂದು ಗಂಟೆ ಕೂತು, ಎಲ್ಲರೂ ಮಾತಾಡಿ, ದುಡ್ಡಿನ ಬಗ್ಗೆ ತೀರ್ಮಾನ ತೆಗೆದುಕೊಂಡು, ಆ ತೀರ್ಮಾನ ಮನೆಗೆ ಹೋದ ಮೇಲೂ ಉಳಿಯುವಂತೆ ಮಾಡುವುದು ಹೇಗೆ ಎಂಬುದರ ವಿವರ. ಸ್ತ್ರೀಶಕ್ತಿ ಸಂಘವಿರಲಿ, ಸಂಜೀವಿನಿ ಸಂಘವಿರಲಿ, ನೀವೇ ಕಟ್ಟಿಕೊಂಡದ್ದಿರಲಿ, ಕ್ರಮ ಬಹುಪಾಲು ಒಂದೇ.

ಎಷ್ಟು ಜನ, ಯಾರು ಯಾರು

10ರಿಂದ 20 ಜನ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. 20ರ ಮಿತಿ ಬಂದದ್ದು ಕಾನೂನಿನಿಂದ: ನೋಂದಣಿ ಮಾಡಿಸದೆ ಲಾಭಕ್ಕಾಗಿ ವ್ಯವಹಾರ ನಡೆಸುವ ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು ಎಂದು 1956ರ ಕಂಪನಿ ಕಾಯ್ದೆ ಹೇಳಿತ್ತು. ಆದರೆ ಕಾನೂನು ಬಿಡುತ್ತದೆಂದು 20 ಜನರನ್ನು ಸೇರಿಸಿಕೊಳ್ಳಬೇಕಿಲ್ಲ. ಒಬ್ಬೊಬ್ಬರ ನಡುವಿನ ನಂಟನ್ನು ಎಣಿಸಿ ನೋಡಿ. 10 ಜನರಲ್ಲಿ 45 ಜೋಡಿಗಳು, 15 ಜನರಲ್ಲಿ 105, 20 ಜನರಲ್ಲಿ 190. ಐದು ಜನ ಹೆಚ್ಚಾದರೆ ಮನಸ್ತಾಪಕ್ಕೆ ಎಡೆಯಿರುವ ಜೋಡಿಗಳು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತವೆ. ಮಾತಿನ ಸಮಯವೂ ಹಾಗೆಯೇ. ಒಬ್ಬರಿಗೆ ಎರಡು ನಿಮಿಷ ಕೊಟ್ಟರೂ 20 ಜನಕ್ಕೆ 40 ನಿಮಿಷ ಆಗಿಹೋಗುತ್ತದೆ, ಲೆಕ್ಕಕ್ಕೆ ಉಳಿಯುವುದು 20 ನಿಮಿಷ. ನಮ್ಮ ಮಟ್ಟಿಗೆ 12ರಿಂದ 15 ಸರಿಯಾದ ಸಂಖ್ಯೆ.

ಈ ಚಿಕ್ಕ ಗುಂಪಿನ ಯೋಚನೆ ಬೆಳೆದದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಒಬ್ಬಿಬ್ಬರ ಹಿಡಿತಕ್ಕೆ ಸಿಕ್ಕಿ ಕುಸಿದವು. ಆಗ ಸದಸ್ಯರು ತಮಗೆ ನಂಬಿಕೆಯಿದ್ದವರ ಜೊತೆ ಚಿಕ್ಕ ಚಿಕ್ಕ ಗುಂಪುಗಳಾಗಿ ಸೇರತೊಡಗಿದರು. ಅಲ್ಲಿ ಕಂಡದ್ದು ಇಷ್ಟು: ಜನ ಒಟ್ಟಾಗಿ ಉಳಿಯುವುದಕ್ಕೆ ಸಾಲದ ಆಸೆಗಿಂತ ಮೊದಲೇ ಇದ್ದ ಪರಸ್ಪರ ನಂಬಿಕೆ ಮುಖ್ಯ. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು.

ಈ ಇತಿಹಾಸದಿಂದ ಇವತ್ತಿಗೆ ತೆಗೆದುಕೊಳ್ಳಬೇಕಾದದ್ದು ಒಂದಿದೆ. ಸಹಾಯಧನ ಬರುತ್ತದೆಂದು ಪಟ್ಟಿ ಬರೆದು ಸಂಘ ಕಟ್ಟಬೇಡಿ. ಮೊದಲು ಮೂವರು ನಾಲ್ವರು ಕೂತು, ಪ್ರತಿಯೊಬ್ಬರೂ "ಇವರಿಗೆ ನಾನು ಐನೂರು ರೂಪಾಯಿ ಕೈಗಡ ಕೊಡುತ್ತೇನೆ" ಎನ್ನುವಂಥ ಇಬ್ಬರ ಹೆಸರು ಹೇಳಲಿ. ಎರಡು ಮೂರು ಬಾಯಲ್ಲಿ ಬಂದ ಹೆಸರುಗಳಿಂದ ಶುರುಮಾಡಿ. ಹತ್ತು ನಿಮಿಷದಲ್ಲಿ ನಡೆದು ಬರುವಷ್ಟು ಹತ್ತಿರದ ಮನೆಗಳಾಗಿರಲಿ, ಮನೆಗೆ ಒಬ್ಬರೇ ಇರಲಿ. ಅತ್ತೆ ಸೊಸೆ ಇಬ್ಬರೂ ಒಂದೇ ಸಂಘದಲ್ಲಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕೂಲಿ ಮಾಡುವವರಾದರೆ ಅಲ್ಲೂ ಅದೇ ಕಷ್ಟ.

ಮೊದಲ ನಾಲ್ಕು ವಾರ: ನಿಯಮ

ಅಚ್ಚು ಹಾಕಿದ ನಿಯಮಾವಳಿ ತಂದು ಸಹಿ ಹಾಕಿಸುವುದು ಸುಲಭ, ಉಪಯೋಗ ಕಡಿಮೆ. ತಾವೇ ವಾದ ಮಾಡಿ ಮಾಡಿಕೊಂಡ ನಿಯಮವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ನಾಲ್ಕು ಸಭೆಗಳಲ್ಲಿ ಹಂಚಿಕೊಂಡು ಮಾಡಿ. ಮೊದಲ ವಾರ ಸಭೆಯ ದಿನ, ಹೊತ್ತು, ಉಳಿತಾಯದ ಮೊತ್ತ. ಎರಡನೇ ವಾರ ದಂಡ, ರಜೆ, ಕನಿಷ್ಠ ಹಾಜರಿ. ಮೂರನೇ ವಾರ ಸಾಲದ ಬಡ್ಡಿ, ಕಂತು. ನಾಲ್ಕನೇ ವಾರ ಹೊಣೆಗಳು, ಅವು ಎಷ್ಟು ದಿನಕ್ಕೊಮ್ಮೆ ಬದಲಾಗಬೇಕು ಎಂಬುದು, ಬಿಟ್ಟುಹೋಗುವವರ ಲೆಕ್ಕ ತೀರಿಸುವ ಬಗೆ.

ಉಳಿತಾಯದ ಮೊತ್ತವನ್ನು ಗುಂಪಿನಲ್ಲೇ ಕೈ ಬಿಗಿಯಾಗಿರುವವರು ಹೇಳಲಿ. ಅನುಕೂಲವಿದ್ದವರು "ನೂರು" ಎಂದ ಮೇಲೆ "ನನಗಾಗದು" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಎರಡು ತಿಂಗಳಲ್ಲಿ ಅವರ ಹಾಜರಿ ನಿಂತುಹೋಗುತ್ತದೆ. ವಾರಕ್ಕೆ 50 ರೂಪಾಯಿಯಂತೆ 15 ಜನ ಕೂಡಿಟ್ಟರೆ ವಾರಕ್ಕೆ 750, 26 ವಾರಕ್ಕೆ 19,500. ಹಿಂದಿನ ಸಾಲದ ಮರುಪಾವತಿ, ಬಡ್ಡಿ ಸೇರಿದರೆ ಆರು ತಿಂಗಳಲ್ಲಿ ಸಣ್ಣ ಅಗತ್ಯಗಳಿಗೆಲ್ಲ ಸಂಘವೇ ಸಾಕಾಗುತ್ತದೆ.

ಬಡ್ಡಿಯ ವಿಷಯದಲ್ಲಿ ಮುಂದೆ ಬರುವ ಜಗಳದ ಅರ್ಧ ಭಾಗವನ್ನು ಇಲ್ಲೇ ತಡೆಯಬಹುದು. "ನೂರಕ್ಕೆ ಎರಡು" ಎಂದು ಬರೆದು ಬಿಡಬೇಡಿ. ಯಾವುದರ ಮೇಲೆ ಎಂದು ಬರೆಯಿರಿ. 6,000 ರೂಪಾಯಿ ಸಾಲ, ಹತ್ತು ತಿಂಗಳು, ತಿಂಗಳಿಗೆ 600 ಅಸಲು ಎಂದುಕೊಳ್ಳಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 120, ಎರಡನೆಯದು 108, ಹೀಗೆ ಇಳಿಯುತ್ತಾ ಕೊನೆಯ ತಿಂಗಳು 12. ಒಟ್ಟು 660. ಕೊನೆಯವರೆಗೂ ಪೂರ್ತಿ 6,000ಕ್ಕೇ ಹಾಕಿದರೆ 1,200. ಒಂದೇ ಮಾತು, ಎರಡು ಲೆಕ್ಕ, 540 ರೂಪಾಯಿ ವ್ಯತ್ಯಾಸ. ಸಾಲ ಪಡೆದವರು ಒಂದು ಲೆಕ್ಕ, ಪುಸ್ತಕ ಬರೆಯುವವರು ಇನ್ನೊಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡರೆ ಎಂಟನೇ ತಿಂಗಳಲ್ಲಿ "ಮೋಸ" ಎಂಬ ಮಾತು ಬರುತ್ತದೆ. ಉಳಿದ ಅಸಲಿಗೆ ಬಡ್ಡಿ ಎಂಬುದೇ ನ್ಯಾಯ. ಈ ಉದಾಹರಣೆಯನ್ನು ಹುಣಸೆ ಬೀಜ ಇಟ್ಟು ನೆಲದ ಮೇಲೆ ತೋರಿಸಿ, ಒಂದು ಬೀಜಕ್ಕೆ 600 ರೂಪಾಯಿ ಎಂದು ಲೆಕ್ಕ ಹಿಡಿದು ತಿಂಗಳಿಗೊಂದು ಬೀಜ ತೆಗೆಯುತ್ತಾ ಹೋಗಿ. ಓದು ಬಾರದವರಿಗೂ ಐದು ನಿಮಿಷದಲ್ಲಿ ತಿಳಿಯುತ್ತದೆ.

ದಂಡ ಸಣ್ಣದಿರಲಿ: ತಡವಾಗಿ ಬಂದರೆ 5, ಹೇಳದೆ ತಪ್ಪಿಸಿದರೆ 10. ಅದರ ಬೆಲೆ ಇರುವುದು ಮೊತ್ತದಲ್ಲಲ್ಲ, ಎಲ್ಲರಿಗೂ ಒಂದೇ ಎಂಬುದರಲ್ಲಿ. ಸಂಘವನ್ನು ಮುನ್ನಡೆಸುವ ಪ್ರತಿನಿಧಿ ತಡವಾಗಿ ಬಂದ ದಿನ ಅವರೇ ಮೊದಲು ಐದು ರೂಪಾಯಿ ತೆಗೆದಿಟ್ಟರೆ ನಿಯಮ ನಿಲ್ಲುತ್ತದೆ. ಒಮ್ಮೆ ಅವರಿಗೆ ಬಿಟ್ಟರೆ ಮರುವಾರದಿಂದ ಯಾರೂ ಕೊಡುವುದಿಲ್ಲ.

ಹೊಣೆ ಹಂಚಿಕೆ

ಇಬ್ಬರು ಪ್ರತಿನಿಧಿಗಳು, ಒಬ್ಬ ಪುಸ್ತಕ ಬರೆಯುವವರು ಎಂಬುದು ಸಾಮಾನ್ಯ ಏರ್ಪಾಡು. ಕೆಲವೆಡೆ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎನ್ನುತ್ತಾರೆ. ಹೆಸರು ಏನೇ ಇರಲಿ, ಮೂರು ಕೆಲಸಗಳು ಒಂದೇ ಮನೆಯಲ್ಲಿ ಸೇರಬಾರದು: ಹಣದ ಪೆಟ್ಟಿಗೆ, ಅದರ ಬೀಗದ ಕೈ, ಪುಸ್ತಕ. ಪೆಟ್ಟಿಗೆ ಒಬ್ಬರ ಮನೆ, ಕೀ ಇನ್ನೊಬ್ಬರದು, ಪುಸ್ತಕ ಮೂರನೆಯವರದು. ಇದು ಯಾರ ಮೇಲೋ ಅನುಮಾನದಿಂದ ಮಾಡುವ ಏರ್ಪಾಡಲ್ಲ. ಮುಂದೆ ಯಾರಾದರೂ ಅನುಮಾನ ಪಟ್ಟಾಗ ಆ ಮೂವರ ಮಾನ ಉಳಿಸುವುದು ಇದೇ.

ಸಭೆ ನಡೆಸುವ ಕೆಲಸವನ್ನು ಪ್ರತಿನಿಧಿಗಳಿಗೆ ಕಟ್ಟಿಹಾಕಬೇಡಿ. ವಾರಕ್ಕೊಬ್ಬರಂತೆ ಸರದಿ ಇಡಿ. ಹದಿನೈದು ಜನರಾದರೆ ವರ್ಷಕ್ಕೆ ಪ್ರತಿಯೊಬ್ಬರಿಗೂ ಮೂರು ಸಲ ಬರುತ್ತದೆ. ಮೊದಲ ಸಲ ಗಂಟಲು ಒಣಗುವುದು ಸಹಜ. ಪಕ್ಕದಲ್ಲಿ ಹಿಂದಿನ ವಾರ ನಡೆಸಿದವರು ಕೂತು ಮುಂದಿನ ವಿಷಯ ಯಾವುದೆಂದು ನೆನಪಿಸಿದರೆ ಸಾಕು. ಪ್ರತಿನಿಧಿಗಳೇ ಎಲ್ಲ ನಡೆಸುವ ಸಂಘದಲ್ಲಿ ಅವರಿಗೆ ಜ್ವರ ಬಂದ ವಾರ ಸಭೆಯೇ ನಡೆಯುವುದಿಲ್ಲ.

ಕೂರುವ ಬಗೆ

ಜಮಖಾನ ಹಾಸಿ ವೃತ್ತವಾಗಿ ಕೂರಿ. ಯಾರಿಗೂ ಕುರ್ಚಿ ಬೇಡ, ಮಂಡಿ ನೋವಿನವರಿಗೆ ಮಾತ್ರ ಕೊಡಿ. ಎರಡನೇ ಸಾಲು ಇರಕೂಡದು, ಏಕೆಂದರೆ ಹಿಂದೆ ಕೂತವರು ಮಾತಾಡುವುದು ಪಕ್ಕದವರ ಕಿವಿಯಲ್ಲಿ. ತಡವಾಗಿ ಬಂದವರಿಗೆ ಎಲ್ಲರೂ ಸರಿದು ಜಾಗ ಮಾಡಿಕೊಡಲಿ. ದುಡ್ಡು, ಪುಸ್ತಕ ನಡುವೆ ಇರಲಿ, ಎಲ್ಲರ ಕಣ್ಣಿಗೂ ಬೀಳುವಂತೆ. ಪುಸ್ತಕ ಬರೆಯುವವರ ಎದುರಿಗೆ ಓದಲು ಬಾರದ ಹಿರಿಯರನ್ನು ಕೂರಿಸಿ, ಆಗ ಬರೆದದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ತಾನಾಗಿ ಬರುತ್ತದೆ.

ಹೊತ್ತು ಬಹಳ ಮುಖ್ಯ. ಸಂಜೆ ಆರರ ಸಭೆಗೆ ಹಾಲು ಕರೆಯುವವರು ಬರಲಾರರು. ರಾತ್ರಿ ಎಂಟಕ್ಕೆ ಇಟ್ಟರೆ ದೂರದ ಮನೆಯವರು ತಪ್ಪಿಸಿಕೊಳ್ಳುತ್ತಾರೆ. ಮಗುವಿರುವವರನ್ನು, ಕೂಲಿಗೆ ಹೋಗುವವರನ್ನು ಮೊದಲು ಕೇಳಿ ಹೊತ್ತು ಗೊತ್ತುಮಾಡಿ.

ಆ ಒಂದು ಗಂಟೆ

ಮೊದಲ ಐದು ನಿಮಿಷ ಹಾಜರಿ. ಹೆಸರು ಕೂಗಬೇಕು, ಎಣಿಸಿದರೆ ಸಾಲದು. ಹೆಸರು ಕೂಗಿದಾಗ ಬಾರದವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ, "ಅವರಿಗೇನಾಯಿತು?" ಎಂಬ ಪ್ರಶ್ನೆ ಹುಟ್ಟುತ್ತದೆ. 15 ಜನರ ಸಂಘದಲ್ಲಿ ಕನಿಷ್ಠ 10 ಜನ ಬಂದಿರದಿದ್ದರೆ ಉಳಿತಾಯ ಮಾತ್ರ ಕಟ್ಟಿಸಿಕೊಳ್ಳಿ, ಸಾಲದ ತೀರ್ಮಾನ ಬೇಡ.

ಮುಂದಿನ ಐದು ನಿಮಿಷ ಹಿಂದಿನ ವಾರದ ನಡಾವಳಿ ಓದುವುದು, ಒಪ್ಪಿಕೊಂಡ ಕೆಲಸ ಆಯಿತೇ ಎಂದು ಕೇಳುವುದು. ಇದನ್ನು ಬಿಟ್ಟ ಸಂಘದಲ್ಲಿ ಅದೇ ವಿಷಯ ನಾಲ್ಕು ವಾರ ಚರ್ಚೆಯಾಗುತ್ತದೆ.

ಆಮೇಲೆ ಹದಿನೈದರಿಂದ ಇಪ್ಪತ್ತು ನಿಮಿಷ ಹಣ. ಒಬ್ಬೊಬ್ಬರಾಗಿ ಮುಂದೆ ಬಂದು ಎಷ್ಟು ಉಳಿತಾಯ, ಎಷ್ಟು ಅಸಲು, ಎಷ್ಟು ಬಡ್ಡಿ ಎಂದು ಬಾಯಲ್ಲಿ ಹೇಳಿ ದುಡ್ಡು ಇಡಲಿ. ಪುಸ್ತಕ ಬರೆಯುವವರು ಅದನ್ನೇ ತಿರುಗಿ ಹೇಳಿ ಖಾತೆಯಲ್ಲಿ, ಅವರ ಪಾಸ್‌ಬುಕ್ಕಿನಲ್ಲಿ ಅಲ್ಲೇ ಬರೆಯಲಿ. ಪಾಸ್‌ಬುಕ್ಕುಗಳನ್ನೆಲ್ಲ ಕಟ್ಟಿಕೊಂಡು "ಮನೆಗೆ ಹೋಗಿ ಬರೆದು ತರುತ್ತೇನೆ" ಎನ್ನುವ ರೂಢಿಯಷ್ಟು ಸಂಘಗಳನ್ನು ಹಾಳುಮಾಡಿದ್ದು ಬೇರೆ ಯಾವುದೂ ಇರಲಾರದು. ಉದ್ದೇಶ ಒಳ್ಳೆಯದೇ ಇರುತ್ತದೆ, ಸಮಯ ಉಳಿಸುವುದು. ಆದರೆ ಒಂದು ಅಂಕಿ ತಪ್ಪಿದರೂ ಯಾವಾಗ ತಪ್ಪಿತೆಂದು ಹೇಳುವ ಸಾಕ್ಷಿಯಿರುವುದಿಲ್ಲ.

ಹಣ ಕೂಡಿಸುವುದನ್ನು ಗಟ್ಟಿಯಾಗಿ ಮಾಡಿ. ಒಂದು ವಾರದ ಲೆಕ್ಕ ಹೀಗಿರಬಹುದು: ಪೆಟ್ಟಿಗೆಯಲ್ಲಿದ್ದದ್ದು 310, ಉಳಿತಾಯ 750, ಅಸಲಿನ ಕಂತು 2,400, ಬಡ್ಡಿ 264, ದಂಡ 10. ಒಟ್ಟು 3,734. ಹೊಸ ಸಾಲ 3,000 ಕೊಟ್ಟರೆ ಉಳಿದದ್ದು 734. ಬ್ಯಾಂಕಿಗೆ 500, ಪೆಟ್ಟಿಗೆಗೆ 234. ನೋಟುಗಳನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ, ಆ ಇಬ್ಬರೂ ಪ್ರತಿವಾರ ಬದಲಾಗಲಿ. ಕೊನೆಯ ಅಂಕಿಯನ್ನು ಎಲ್ಲರೂ ಒಟ್ಟಿಗೆ ಹೇಳಲಿ: "ಪೆಟ್ಟಿಗೆಯಲ್ಲಿ ಇನ್ನೂರ ಮೂವತ್ನಾಲ್ಕು." ಮುಂದಿನ ವಾರ ಪೆಟ್ಟಿಗೆ ತೆರೆಯುವಾಗ ಹದಿನೈದು ಜನರ ನೆನಪಿನಲ್ಲಿ ಅದೇ ಅಂಕಿ ಇರುತ್ತದೆ. ಹತ್ತು ರೂಪಾಯಿ ಹೆಚ್ಚುಕಡಿಮೆ ಬಂದರೂ ಅಲ್ಲೇ ಹುಡುಕಿ. ಯಾರೋ ಜೇಬಿನಿಂದ ಹತ್ತು ಹಾಕಿ ಸರಿಮಾಡುವುದು ಬೇಡ, ಅದು ತಪ್ಪನ್ನು ಮುಚ್ಚುತ್ತದೆ.

ಉಳಿದ ಅರ್ಧ ಗಂಟೆಯಲ್ಲಿ ಸಾಲದ ಕೋರಿಕೆ, ಬೇರೆ ವಿಷಯ, ಠರಾವು ಓದಿ ಸಹಿ.

ಮಾತಿನ ಸುತ್ತು

ಪ್ರತಿ ಗುಂಪಿನಲ್ಲೂ ನಾಲ್ಕೈದು ಜನ ಮಾತಾಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. "ಎಲ್ಲರಿಗೂ ಒಪ್ಪಿಗೆಯಾ?" ಎಂದು ಕೇಳಿದರೆ "ಹೂಂ" ಎಂಬ ಸದ್ದು ಬರುತ್ತದೆ. ಆ "ಹೂಂ" ಒಪ್ಪಿಗೆಯೆಂದು ತಿಳಿಯಬೇಡಿ. ಮನೆಗೆ ಹೋಗುವ ದಾರಿಯಲ್ಲಿ ಅದೇ ಬಾಯಿ ಬೇರೆ ಮಾತಾಡುತ್ತದೆ.

1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಸರಳ ಪರೀಕ್ಷೆ ನಡೆಸಿದ್ದರು. ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಕಣ್ಣಿಗೆ ಸರಿ ಉತ್ತರ ಕಾಣುತ್ತಿದ್ದರೂ ಹಲವರು ಗುಂಪಿನ ಉತ್ತರವನ್ನೇ ಹೇಳಿದರು. ಜೊತೆಗೆ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದ ಕಡೆ ಆ ಒತ್ತಡ ಬಹಳ ಇಳಿಯಿತು. ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ಊರಿನ ಗಟ್ಟಿ ಬಾಯಿಯವರು ಒಮ್ಮೆ ಮಾತಾಡಿದ ಮೇಲೆ ಸಾಲದ ವಿಷಯದಲ್ಲಿ ಎದುರು ಹೇಳುವುದು ಎಷ್ಟು ಕಷ್ಟವೆಂದು ಯೋಚಿಸಿ.

ಅದಕ್ಕೆ ಪರಿಹಾರ ಸುತ್ತು ಮಾತು. ಮುಖ್ಯ ವಿಷಯ ಬಂದಾಗ ಎಡದಿಂದ ಬಲಕ್ಕೆ ಪ್ರತಿಯೊಬ್ಬರೂ ಒಂದೆರಡು ವಾಕ್ಯ ಹೇಳಬೇಕು. ಶುರು ಸದಾ ಕಡಿಮೆ ಮಾತಿನವರಿಂದ, ಪ್ರತಿನಿಧಿಗಳ ಸರದಿ ಕೊನೆಗೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇದಕ್ಕೆ ಕೆಲವು ಗುಂಪುಗಳು ಒಂದು ವಸ್ತು ಬಳಸುತ್ತವೆ, ಪೆನ್ನೋ ಬೀಗದ ಕೈಯೋ. ಅದು ಯಾರ ಕೈಯಲ್ಲಿದೆಯೋ ಅವರದ್ದೇ ಮಾತು. "ನನಗೇನೂ ಗೊತ್ತಿಲ್ಲಕ್ಕಾ" ಎಂದರೆ ಬಿಟ್ಟುಬಿಡಬೇಡಿ, ಪ್ರಶ್ನೆ ಬದಲಿಸಿ. "ನಿಮ್ಮ ಅಭಿಪ್ರಾಯವೇನು?" ಎನ್ನುವುದು ಕಷ್ಟದ ಪ್ರಶ್ನೆ. "ಈ ದುಡ್ಡು ಇವತ್ತು ಇವರಿಗೆ ಕೊಟ್ಟರೆ ನಿಮಗೆ ಈ ತಿಂಗಳು ತೊಂದರೆ ಆಗುತ್ತದಾ?" ಎನ್ನುವುದು ಉತ್ತರಿಸಬಲ್ಲ ಪ್ರಶ್ನೆ.

ಎಲ್ಲದಕ್ಕೂ ಸುತ್ತು ಬೇಡ, ದಣಿವಾಗುತ್ತದೆ. ದೊಡ್ಡ ಸಾಲ, ನಿಯಮ ಬದಲಾವಣೆ, ಪ್ರತಿನಿಧಿ ಆಯ್ಕೆ, ಯಾರಾದರೂ ಬಿಟ್ಟುಹೋಗುವುದು, ಇಷ್ಟಕ್ಕೆ ಸಾಕು. ಬಾಯಿಬಿಟ್ಟು ಹೇಳಲಾಗದ ಸೂಕ್ಷ್ಮ ವಿಷಯವಿದ್ದರೆ ಮುಚ್ಚಿದ ಡಬ್ಬಿ ಸುತ್ತಿಸಿ: ಹುಣಸೆ ಬೀಜ ಹಾಕಿದರೆ ಹೌದು, ಕಡಲೆಕಾಳು ಹಾಕಿದರೆ ಬೇಡ. ಎರಡೂ ಬಗೆಯ ಕಾಳು ಎಲ್ಲರ ಮುಷ್ಟಿಯಲ್ಲಿರಲಿ, ಉಳಿದದ್ದು ಇನ್ನೊಂದು ಡಬ್ಬಿಗೆ.

ಎಂಟು ಸಾವಿರಕ್ಕೆ ಹತ್ತೊಂಬತ್ತು ಸಾವಿರದ ಕೋರಿಕೆ

ಸಂಘದ ನಿಜವಾದ ಪರೀಕ್ಷೆ ಇಲ್ಲೇ. ಕೈಯಲ್ಲಿ 8,000 ಇದೆ. ಒಬ್ಬರು ಆಸ್ಪತ್ರೆಗೆ 5,000 ಕೇಳಿದ್ದಾರೆ, ಇನ್ನೊಬ್ಬರು ಆಡಿನ ಮರಿಗಳಿಗೆ 6,000, ಮತ್ತೊಬ್ಬರು ಶಾಲೆಯ ಫೀಸಿಗೆ 3,000, ನಾಲ್ಕನೆಯವರು ತವರಿನ ಮದುವೆಗೆ 5,000. ಒಟ್ಟು 19,000.

ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು. ನಾಲ್ವರಿಗೂ ಸಮನಾಗಿ 2,000 ಹಂಚಿಬಿಡುವುದು ಒಂದು: ಯಾರ ಕೆಲಸವೂ ಆಗುವುದಿಲ್ಲ, ನಾಲ್ವರೂ ಬಾಕಿ ಹಣಕ್ಕೆ ಹೊರಗೆ ಮೀಟರ್ ಬಡ್ಡಿಗೆ ಹೋಗುತ್ತಾರೆ. ಮೊದಲು ಕೇಳಿದವರಿಗೆ ಕೊಡುವುದು ಇನ್ನೊಂದು: ಮುಂದಿನ ವಾರದಿಂದ ಎಲ್ಲರೂ ಬಾಗಿಲು ತೆರೆಯುವ ಮೊದಲೇ ಬಂದು ಕೇಳತೊಡಗುತ್ತಾರೆ.

ಹೀಗೆ ಮಾಡಿ. ನಾಲ್ಕೂ ಕೋರಿಕೆಗಳನ್ನು ಗಟ್ಟಿಯಾಗಿ ಹೇಳಿಸಿ, ತೀರ್ಮಾನಕ್ಕೆ ಮುಂಚೆ. ಪ್ರತಿಯೊಬ್ಬರಿಗೂ ಇವೇ ಮೂರು ಪ್ರಶ್ನೆಗಳು: ಇದರಲ್ಲಿ ಈ ವಾರವೇ ಎಷ್ಟು ಬೇಕೇಬೇಕು? ತಡವಾದರೆ ಏನಾಗುತ್ತದೆ? ಕಂತು ಯಾವ ದುಡ್ಡಿನಿಂದ ಬರುತ್ತದೆ? ಉತ್ತರ ಬರುತ್ತಿದ್ದಂತೆ ಲೆಕ್ಕ ಸಡಿಲವಾಗುತ್ತದೆ. ಆಸ್ಪತ್ರೆಗೆ ಈಗ 3,500, ಉಳಿದದ್ದು ಮುಂದಿನ ವಾರ ಸಾಕು. ಫೀಸಿನ ಮೊದಲ ಕಂತು 2,000. ಮದುವೆಗೆ 2,500ರಲ್ಲಿ ಹೊಂದಿಸಿಕೊಳ್ಳಬಹುದು. ಅಲ್ಲಿಗೆ 8,000. ಆಡಿನ ಹಣವನ್ನು ಮಾತ್ರ ಒಡೆಯಲಾಗದು, ಆದರೆ ಸಂತೆ ಪ್ರತಿವಾರವೂ ಇದೆ. ವಾರಕ್ಕೆ ಸುಮಾರು 3,400 ಒಳಬರುವ ಸಂಘದಲ್ಲಿ ಆಸ್ಪತ್ರೆಯ ಬಾಕಿ 1,500 ಕೊಟ್ಟ ಮೇಲೂ ಮೂರನೇ ವಾರಕ್ಕೆ 6,000 ಪೂರ್ತಿ ಸಿಗುತ್ತದೆ. ಅದನ್ನು ಬಾಯಿಮಾತಿನಲ್ಲಿ ಬಿಡದೆ ನಡಾವಳಿಯಲ್ಲಿ ದಿನಾಂಕ ಸಮೇತ ಬರೆಯಿರಿ. ಕಾಯುವವರಿಗೆ ತಮ್ಮ ಸರದಿ ಬರೆದಿದೆ ಎಂಬ ಧೈರ್ಯವಿದ್ದರೆ ಅಸಮಾಧಾನ ಉಳಿಯುವುದಿಲ್ಲ.

ಪ್ರಶ್ನೆ ಸಾಲದ ಬಗ್ಗೆ ಇರಬೇಕು, ಸಂಸಾರದ ಬಗ್ಗೆ ಅಲ್ಲ. "ಕಂತು ಹೇಗೆ ಕಟ್ಟುತ್ತೀರಿ?" ಎಂದು ಕೇಳಬಹುದು. "ನಿಮ್ಮ ಮನೆಯವರು ಕುಡಿದು ಹಾಳುಮಾಡುವುದಿಲ್ಲವಾ?" ಎಂದು ಹದಿನಾಲ್ಕು ಜನರೆದುರು ಕೇಳಿದರೆ ಅವರು ಮುಂದೆಂದೂ ನಿಜವಾದ ಕಾರಣ ಹೇಳಲಾರರು. ಆ ಆತಂಕ ನಿಜವೇ ಇದ್ದರೆ ಆಪ್ತರಾದ ಒಬ್ಬರು ಬೇರೆಯಾಗಿ ಮಾತಾಡಿ, ಹಣವನ್ನು ನೇರ ಶಾಲೆಗೋ ಅಂಗಡಿಗೋ ಕಟ್ಟುವ ದಾರಿ ಹುಡುಕಲಿ. ಪ್ರತಿನಿಧಿಗಳ ಕೋರಿಕೆಯ ಮಾತು ಬಂದಾಗ ಅವರು ತೀರ್ಮಾನದ ಸುತ್ತಿನಿಂದ ಹೊರಗಿರಲಿ.

ನಡಾವಳಿ ಬರೆಯುವುದು

ದಿನಾಂಕ, ಹಾಜರಾದವರ ಸಂಖ್ಯೆ, ಬಾರದವರ ಹೆಸರು, ಹಣದ ಲೆಕ್ಕದ ಅಂಕಿಗಳು, ತೀರ್ಮಾನಗಳು. ಪ್ರತಿ ತೀರ್ಮಾನದಲ್ಲೂ ಏನು, ಯಾರು, ಯಾವಾಗ ಇರಬೇಕು. "ಅಂಗನವಾಡಿ ನೀರಿನ ಬಗ್ಗೆ ಚರ್ಚಿಸಲಾಯಿತು" ಎಂಬ ಸಾಲಿನಿಂದ ಏನೂ ಆಗುವುದಿಲ್ಲ. "ಅಂಗನವಾಡಿ ನಲ್ಲಿಯ ದೂರನ್ನು ಇಬ್ಬರು ಸದಸ್ಯರು ಸೋಮವಾರ ಪಂಚಾಯಿತಿಗೆ ಬರೆದು ಕೊಡುವುದು, ಸ್ವೀಕೃತಿ ತರುವುದು" ಎಂದು ಇಬ್ಬರ ಹೆಸರಿನೊಡನೆ ಬರೆದರೆ ಮುಂದಿನ ವಾರ ಕೇಳಲು ವಿಷಯ ಇರುತ್ತದೆ. ಬರೆದದ್ದನ್ನು ಆಡುಮಾತಿನಲ್ಲೇ ಬರೆಯಿರಿ, ಕಚೇರಿ ಭಾಷೆ ಬೇಡ. ಪೂರ್ತಿ ಓದಿದ ಮೇಲೆ ಮಾತ್ರ ಸಹಿ ಅಥವಾ ಹೆಬ್ಬೆಟ್ಟು. ಖಾಲಿ ಹಾಳೆಗೆ, ಯಾರು ಎಷ್ಟೇ ಅವಸರವೆಂದು ಹೇಳಿದರೂ, ಸಹಿ ಬೇಡ. ಬರಹದ ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಜಾಗ ಬಿಡಬೇಡಿ.

ಕಂತು ತಪ್ಪಿದಾಗ

ಮೊದಲ ಸಲ ತಪ್ಪಿದಾಗಲೇ ವಿಚಾರಿಸಿ. ಮೂರು ಕಂತು ಸುಮ್ಮನಿದ್ದು ನಾಲ್ಕನೆಯದಕ್ಕೆ ಎಲ್ಲರೂ ಒಟ್ಟಿಗೆ ಮೇಲೆ ಬೀಳುವುದೇ ಹೆಚ್ಚಿನ ಕಡೆ ನಡೆಯುವುದು, ಅಷ್ಟರಲ್ಲಿ ಅವರು ಮುಖ ತಪ್ಪಿಸಿ ಓಡಾಡುವ ಸ್ಥಿತಿಗೆ ಬಂದಿರುತ್ತಾರೆ. ಸಭೆಗೆ ಮುಂಚೆ ಇಬ್ಬರು, ಒಬ್ಬರು ಅವರಿಗೆ ಆಪ್ತರು ಇನ್ನೊಬ್ಬರು ಹಿರಿಯರು, ಮನೆಗೆ ಹೋಗಿ ಬರಲಿ. ಹೋಗುವುದು ವಸೂಲಿಗಲ್ಲ, ವಿಚಾರಿಸಲಿಕ್ಕೆ. ಕಟ್ಟಲಾಗದವರು ಬೇರೆ, ಕಟ್ಟಲೊಲ್ಲದವರು ಬೇರೆ. ಅದನ್ನು ತಿಳಿಯುವುದೇ ಆ ಭೇಟಿಯ ಉದ್ದೇಶ.

ಸಭೆಯಲ್ಲಿ ಮೊದಲ ಮಾತು ಅವರದ್ದೇ ಆಗಿರಲಿ. ಬೆಳೆ ಹೋಗಿದೆ, ಕೂಲಿ ಸಿಕ್ಕಿಲ್ಲ ಎಂದರೆ 600ರ ಕಂತನ್ನು ಮೂರು ತಿಂಗಳು 200ಕ್ಕೆ ಇಳಿಸಿ, ಬಾಕಿ 1,200ನ್ನು ಕೊನೆಗೆ ಎರಡು ಕಂತಾಗಿ ಸೇರಿಸಿ ಹೊಸ ಪಟ್ಟಿ ಬರೆಯಿರಿ. ಸೊನ್ನೆ ಮಾಡಬೇಡಿ. ಐವತ್ತಾದರೂ ತಂದು ವೃತ್ತದಲ್ಲಿ ಕೂರುವ ಅಭ್ಯಾಸ ತಪ್ಪಿದರೆ ಮರಳಿ ಬರುವುದು ಕಷ್ಟ. ಬೇರೆ ಸದಸ್ಯರ ಉಳಿತಾಯದಿಂದ ಅವರ ಕಂತು ತುಂಬಿ ಪುಸ್ತಕದಲ್ಲಿ "ಕಟ್ಟಿದ್ದಾರೆ" ಎಂದು ಬರೆಯುವುದನ್ನು ಎಂದಿಗೂ ಮಾಡಬೇಡಿ. ಮನೆ ಮುಂದೆ ಗುಂಪಾಗಿ ಹೋಗಿ ಕೂರುವುದು, ಪಾತ್ರೆ ಎತ್ತಿಕೊಂಡು ಬರುವುದು ಸಂಘದ ಕೆಲಸವಲ್ಲ. ಮಾನ ಕಳೆದ ಮೇಲೆ ದುಡ್ಡು ಬಂದರೂ ಆ ನೆರೆಹೊರೆ ಮತ್ತೆ ಕೂಡುವುದಿಲ್ಲ.

ಹೊರಗಿನ ಮಾತು, ಫೋನಿನ ಮಾತು

ಅನುಮಾನ ಹುಟ್ಟುವುದು ನಲ್ಲಿಯ ಹತ್ತಿರ, ಡೇರಿಯ ಸಾಲಿನಲ್ಲಿ. ಅದಕ್ಕೆ ಒಂದೇ ನಿಯಮ ಸಾಕು: ಸಭೆ ಬುಧವಾರ ಎಂದುಕೊಳ್ಳಿ, ಯಾರಾದರೂ "ಅವರು ಹೀಗೆ ಮಾಡಿದರಂತೆ" ಎಂದರೆ, ಕೇಳಿದವರು "ಬುಧವಾರ ಪುಸ್ತಕದ ಮುಂದೆ ಕೇಳೋಣ" ಎನ್ನಬೇಕು. ಬುಧವಾರ ಪಾಸ್‌ಬುಕ್ಕು, ಖಾತೆ, ನಡಾವಳಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿದ್ದರೆ ಅಂಕಿಯನ್ನು ಅಳಿಸದೆ ಒಂದು ಗೆರೆ ಎಳೆದು ಮೇಲೆ ಸರಿ ಅಂಕಿ ಬರೆದು ಇಬ್ಬರು ಸಹಿ ಹಾಕಲಿ.

ವಾಟ್ಸಾಪ್ ಗುಂಪನ್ನು ಸೂಚನೆಗಷ್ಟೇ ಇಟ್ಟುಕೊಳ್ಳಿ: ಸಭೆಯ ಹೊತ್ತು ಬದಲಾವಣೆ, ತರಬೇತಿಯ ದಿನ, ಬ್ಯಾಂಕಿಗೆ ಹೋಗುವವರ ಹೆಸರು. ಸಾಲದ ತೀರ್ಮಾನ, ಬಾಕಿದಾರರ ಪಟ್ಟಿ, ಖಾತೆ ಪುಟದ ಫೋಟೋ ಬೇಡ. ಹಲವು ಮನೆಗಳಲ್ಲಿ ಫೋನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ, ಹೆಂಗಸರ ನಡುವಿನ ಮಾತು ಎಲ್ಲಿಗೆ ಹೋಗುತ್ತದೆಂದು ತಿಳಿಯದು. ಫೋನಿಲ್ಲದವರಿಗೆ ಸುದ್ದಿ ಮುಟ್ಟಿಸಲು ಪಕ್ಕದ ಮನೆಯವರ ಹೆಸರನ್ನು ಮೊದಲೇ ಗೊತ್ತುಮಾಡಿ.

ಒಟ್ಟಾಗಿ ಕೆಲಸ ಹಿಡಿದಾಗ

ರೊಟ್ಟಿ, ಚಟ್ನಿಪುಡಿ, ಸಮವಸ್ತ್ರ ಹೊಲಿಗೆ, ಊಟದ ಆರ್ಡರ್, ಯಾವುದೇ ಇರಲಿ, ಒಲೆ ಹಚ್ಚುವ ಮೊದಲು ಕೂಲಿ ಗೊತ್ತಾಗಬೇಕು. ದಿನಕ್ಕಿಷ್ಟೋ, ಸಂಖ್ಯೆಗಿಷ್ಟೋ? ಸಂಖ್ಯೆಯ ಲೆಕ್ಕವಾದರೆ ಹಿಟ್ಟು ನಾದುವವರಿಗೆ, ಸಾಮಾನು ತರುವವರಿಗೆ, ಕೊಂಡೊಯ್ದು ಕೊಡುವವರಿಗೆ ಏನು? ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲವಾಗುತ್ತದೆ, ಆದ್ದರಿಂದ ಪ್ರತಿ ಹಂತಕ್ಕೂ ಒಬ್ಬರ ಹೆಸರು ಬರೆಯಿರಿ. ಹದಿನೈದೂ ಜನ ಸೇರಲೇಬೇಕೆಂದಿಲ್ಲ. ಆರು ಜನ ಮಾಡಿದರೆ ಆರು ಜನಕ್ಕೆ ಕೂಲಿ, ಸಂಘದ ಬಂಡವಾಳಕ್ಕೆ ಬಡ್ಡಿ, ಉಳಿದ ಲಾಭದಲ್ಲಿ ಸಂಘಕ್ಕೆ ಎಷ್ಟು ಎಂಬುದು ಮುಂಚೆಯೇ ಠರಾವಾಗಿರಲಿ.

ಬ್ಯಾಂಕ್, ಹೊಣೆ ವರ್ಗಾವಣೆ

ಕನಿಷ್ಠ ಆರು ತಿಂಗಳು ಸರಿಯಾಗಿ ನಡೆದ ಸಂಘಕ್ಕೆ ಬ್ಯಾಂಕು ಸಾಲದ ಬಾಗಿಲು ತೆರೆಯುತ್ತದೆ. ನೋಡುವುದು ಪಂಚಸೂತ್ರಗಳನ್ನು: ನಿಯಮಿತ ಸಭೆ, ಉಳಿತಾಯ, ಒಳಗಿನ ಸಾಲ, ಮರುಪಾವತಿ, ಪುಸ್ತಕ. 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಬ್ಯಾಂಕಿಗೆ ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಪ್ರತಿಸಲ ಹೊಸಬರಿರಲಿ. ತಂದ ಚೀಟಿಯನ್ನು ಮುಂದಿನ ಸಭೆಯಲ್ಲಿ ಓದಿ ಪುಸ್ತಕಕ್ಕೆ ಅಂಟಿಸಿ.

ಪ್ರತಿನಿಧಿಗಳನ್ನು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಬ್ಬರನ್ನೂ ಒಂದೇ ದಿನ ಬದಲಿಸದೆ ಆರು ತಿಂಗಳ ಅಂತರದಲ್ಲಿ ಒಬ್ಬೊಬ್ಬರನ್ನು ಬದಲಿಸಿದರೆ ಕೆಲಸ ಕಲಿಸುವವರು ಉಳಿಯುತ್ತಾರೆ. ವರ್ಗಾವಣೆಯನ್ನು ತುಂಬಿದ ಸಭೆಯಲ್ಲೇ ಮಾಡಿ. ಬ್ಯಾಂಕ್ ಪಾಸ್‌ಬುಕ್ಕಿನ ಬಾಕಿ, ಪೆಟ್ಟಿಗೆಯ ನಗದು, ಪ್ರತಿ ಸದಸ್ಯರ ಉಳಿತಾಯ, ಪ್ರತಿ ಸಾಲದ ಬಾಕಿ ಗಟ್ಟಿಯಾಗಿ ಓದಿ, ಪ್ರತಿಯೊಬ್ಬರೂ ತಮ್ಮ ಪಾಸ್‌ಬುಕ್ಕಿನೊಡನೆ ತಾಳೆ ನೋಡಿ "ಸರಿ" ಎನ್ನಲಿ. ಆಮೇಲೆ ಪುಸ್ತಕಗಳು, ಮುದ್ರೆ, ಚೆಕ್ ಪುಸ್ತಕ, ಬೀಗದ ಕೈ ಒಂದೊಂದಾಗಿ ಹೆಸರು ಹೇಳಿ ಕೈ ಬದಲಾಗಲಿ, ಪಟ್ಟಿಗೆ ಎರಡೂ ಕಡೆಯವರ ಸಹಿ ಬೀಳಲಿ. ಸಹಿದಾರರ ಬದಲಾವಣೆಯ ಠರಾವಿನ ಪ್ರತಿಯನ್ನು ಅದೇ ವಾರ ಬ್ಯಾಂಕಿಗೆ ಕೊಟ್ಟು ಹೊಸಬರ ಸಹಿ ದಾಖಲಿಸಿ. ಅದು ಆಗುವವರೆಗೆ ಹಳಬರು ಸಹಿಗೆ ಬರುತ್ತಾರೆ ಎಂಬುದನ್ನೂ ಅದೇ ಠರಾವಿನಲ್ಲಿ ಬರೆದಿಡಿ.